ಮಂಡೆಬೆಚ್ಚ (ತಲೆಬಿಸಿ) ಆದಾಗ ಯಾರ ಹತ್ತಿರ ಹೋಗುವುದು? ಕಾಸರಗೋಡಿನಿಂದ ಉತ್ತರ

ನೀವು ಹಾವೇರಿ ಕಡೆಯಿಂದ ಬದಿಯಡ್ಕಕ್ಕೆ ಬಂದು ಆರು ತಿಂಗಳಾಯಿತು ಅಂದಿರಿ. ಮಗಳು ಪ್ಲಸ್ ವನ್, ನಿಮ್ಮ ಕಡೆಯ ಮೊದಲ ಪಿಯುಸಿ. ಸರಿಯಾಗಿ ಊಟ ಮಾಡುತ್ತಿಲ್ಲ, ಕೋಣೆಯಿಂದ ಹೊರಗೆ ಬರುತ್ತಿಲ್ಲ, ಕೇಳಿದರೆ ಸಿಟ್ಟು. ಇಲ್ಲಿ ಯಾರನ್ನು ಕೇಳುವುದು, ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರಾ, ಆಸ್ಪತ್ರೆಗೆ ಹೋದರೆ ಊರಲ್ಲಿ ಏನಂದುಕೊಳ್ಳುತ್ತಾರೆ ಅಂತ ಕೇಳಿದ್ದೀರಿ. ನಾನು ಹುಟ್ಟಿ ಬೆಳೆದದ್ದೇ ಇಲ್ಲಿ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ತುರ್ತಿನ ಮಾತು. ಮಗಳು "ಸಾಯಬೇಕು ಅನಿಸುತ್ತದೆ" ಅಥವಾ "ನಾನಿಲ್ಲದಿದ್ದರೆ ನಿಮಗೆ ಆರಾಮ" ಅಂತ ಏನಾದರೂ ಹೇಳಿದ್ದರೆ ಈ ಉತ್ತರ ಓದುತ್ತ ಕೂರಬೇಡಿ. ಈಗಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾಯಿತು, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಮೊದಲು ಕೌನ್ಸಿಲರ್ ಮಾತಾಡುತ್ತಾರೆ, ಬೇಕಾದರೆ ಮುಂದೆ ಮಾನಸಿಕ ತಜ್ಞರಿಗೆ ಜೋಡಿಸುತ್ತಾರೆ. ಕೈಮೀರಿ ಹೋಗುತ್ತಿದೆ ಅನಿಸಿದರೆ 112. ಅಲ್ಲಿಯವರೆಗೆ ಅವಳನ್ನು ಒಬ್ಬಳೇ ಬಿಡಬೇಡಿ. ಮನೆಯಲ್ಲಿರುವ ಮಾತ್ರೆ, ತೋಟಕ್ಕೆ ಹೊಡೆಯುವ ಔಷಧ ಎಲ್ಲವನ್ನೂ ಬೀಗ ಹಾಕಿಡಿ, ಕೀಲಿ ನಿಮ್ಮ ಹತ್ತಿರವೇ ಇರಲಿ. ಇಲ್ಲಿ ಪ್ರತಿ ಅಡಿಕೆ ಬೆಳೆಯುವ ಮನೆಯಲ್ಲೂ ಅಂಥದ್ದೇನಾದರೂ ಇರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಮತ್ತೆ, ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಾ ಮಗಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತ ಹೆದರುತ್ತಾರೆ. ಹಾಗಾಗುವುದಿಲ್ಲ. ಯಾರಾದರೂ ಕೇಳಲಿ ಅಂತ ಕಾದಿರುವ ಮಕ್ಕಳೇ ಜಾಸ್ತಿ.

ಗಡಿಯವರಿಗೆ ಮಾತ್ರ ಬೇಕಾದ ಒಂದು ವಿಷಯವಿದೆ. ನಮ್ಮ ಫೋನಿಗೆ ಒಮ್ಮೊಮ್ಮೆ ಆಚೆ ರಾಜ್ಯದ ಟವರ್ ಸಿಗುತ್ತದೆ. ಆದ್ದರಿಂದ ಎಲ್ಲಿಗೆ ಫೋನ್ ಮಾಡಿದರೂ ಮೊದಲ ಮಾತು "ಕಾಸರಗೋಡು ಜಿಲ್ಲೆ, ಇಂಥ ಪಂಚಾಯತ್" ಅಂತಿರಲಿ. ಎರಡನೇ ಮಾತು "ಕನ್ನಡದಲ್ಲಿ ಮಾತಾಡಬೇಕು". ಟೆಲಿ ಮಾನಸ್‌ನಲ್ಲಿ ಭಾಷೆ ಆರಿಸಿಕೊಳ್ಳಬಹುದು. ಮಲಯಾಳಂನವರು ಸಿಕ್ಕರೆ ಇಟ್ಟುಬಿಡಬೇಡಿ, ಕನ್ನಡ ಬೇಕು ಅಂತ ಕೇಳಿ.

ಭಾಷೆಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಮ್ಮನ ಮಗ ನಿಮ್ಮ ಮಗಳ ಹಾಗೆಯೇ ಆಗಿದ್ದ. ಹತ್ತನೇವರೆಗೆ ಕನ್ನಡ ಮೀಡಿಯಂ, ಒಳ್ಳೆ ಮಾರ್ಕು. ಪ್ಲಸ್ ವನ್‌ಗೆ ಹೋದ ಮೇಲೆ ಮಾತು ಕಡಿಮೆಯಾಯಿತು. ಆಮೇಲೆ ಸ್ನಾನ ಬಿಟ್ಟ. ಇಲ್ಲಿಯವರು ಇದಕ್ಕೆಲ್ಲ ಒಂದೇ ಶಬ್ದ ಹೇಳುತ್ತಾರೆ, "ಮಂಡೆಬೆಚ್ಚ". ನಿಮ್ಮ ಕಡೆ ತಲೆಬಿಸಿ ಅನ್ನುವ ಹಾಗೆ. ಸಣ್ಣ ಚಿಂತೆಗೂ ಅದೇ ಶಬ್ದ, ಬದುಕೇ ಬೇಡ ಅನಿಸಿದಾಗಲೂ ಅದೇ ಶಬ್ದ. ಹಾಗಾಗಿ ಕೇಳಿದವರಿಗೆ ಎಷ್ಟು ಜೋರಾಗಿದೆ ಅಂತ ಗೊತ್ತೇ ಆಗುವುದಿಲ್ಲ.

ಕೊನೆಗೆ ನಾನೂ ಚಿಕ್ಕಮ್ಮನೂ ಅವನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಜೋರು ಮಳೆ. ಒಪಿ ಚೀಟಿ ಚಿಕ್ಕಮ್ಮನ ಕೈಯಲ್ಲಿ ಒದ್ದೆಯಾಗಿ ಮುದ್ದೆಯಾಗಿತ್ತು. ಡಾಕ್ಟರ್ ಚಿಕ್ಕ ವಯಸ್ಸಿನವರು, ತುಂಬ ಮೆತ್ತಗೆ ಮಾತಾಡಿದರು. ಅವನ ಭುಜ ಮುಟ್ಟಿ ಕೇಳಿದರು, "ಮೋನೇ, ವಿಷಮಮುಂಡೋ?" ಮಲಯಾಳದಲ್ಲಿ ವಿಷಮಂ ಅಂದರೆ ಬೇಜಾರು, ದುಃಖ. ಮಗನೇ, ಬೇಜಾರಿದೆಯಾ ಅಂತ ಅವರು ಕೇಳಿದ್ದು. ಚಿಕ್ಕಮ್ಮನ ಕಿವಿಗೆ ಬಿದ್ದದ್ದು "ವಿಷ". ಅವರು ನನ್ನ ಕೈಯನ್ನು ಉಗುರು ನಾಟುವ ಹಾಗೆ ಹಿಡಿದುಕೊಂಡರು. "ಇಲ್ಲ ಡಾಕ್ಟ್ರೇ, ಇವ ಅಂಥದ್ದೇನೂ ಮಾಡಿಕೊಂಡಿಲ್ಲ" ಅಂತ ಅಳಲು ಶುರುಮಾಡಿದರು. ಅಮ್ಮ ಯಾಕೆ ಅಳುತ್ತಿದ್ದಾರೆ ಅಂತ ಡಾಕ್ಟರಿಗೆ ತಿಳಿಯಲಿಲ್ಲ. ಹುಡುಗ ನೆಲ ನೋಡುತ್ತ ಕೂತ.

ಹೊರಗೆ ಓಡಾಡುತ್ತಿದ್ದ ಒಬ್ಬರು ನರ್ಸ್ ಅಳು ಕೇಳಿ ಒಳಗೆ ಬಂದರು. ಕುಂಬಳೆ ಕಡೆಯವರು. ಅವನ ಎದುರಿಗೆ ಕುಕ್ಕರುಗಾಲಲ್ಲಿ ಕೂತು ತುಳುವಿನಲ್ಲಿ "ದಾನೆ ಆಂಡ್ ಮಗಾ?" ಅಂದರು. ಏನಾಯಿತು ಮಗಾ, ಅಷ್ಟೇ. ಅವ ತಲೆ ಎತ್ತಿದ. ಸ್ವಲ್ಪ ಹೊತ್ತು ಬಿಟ್ಟು ಹೇಳಿದ: "ಕ್ಲಾಸಲ್ಲಿ ಏನು ಹೇಳ್ತಾರೆ ಅಂತ ನಂಗೆ ಅರ್ಥ ಆಗುವುದಿಲ್ಲ." ಪಾಠದ ಪುಸ್ತಕ ಇಂಗ್ಲಿಷ್, ವಿವರಿಸುವುದು ಮಲಯಾಳದಲ್ಲಿ, ನಗುವವರು ಸುತ್ತಲೂ. ಏಳು ತಿಂಗಳಿಂದ ಅವ ಅದನ್ನು ಒಳಗೆ ಇಟ್ಟುಕೊಂಡಿದ್ದ. ಇಲ್ಲಿ ಕನ್ನಡ ಮೀಡಿಯಂ ಮುಗಿಸಿದ ಎಷ್ಟೋ ಮಕ್ಕಳ ಕಷ್ಟ ಇದು. ನಿಮ್ಮ ಮಗಳಿಗೆ ಮಲಯಾಳಂ ಪೂರ್ತಿ ಹೊಸತು, ಅಲ್ವಾ? ಅವಳ ಹತ್ತಿರ ಇದನ್ನೊಮ್ಮೆ ಕೇಳಿ ನೋಡಿ. ಮಾರ್ಕಿನ ಸುದ್ದಿ ಎತ್ತಬೇಡಿ. ಕ್ಲಾಸಲ್ಲಿ ಯಾರ ಪಕ್ಕ ಕೂರುತ್ತೀ, ಮಧ್ಯಾಹ್ನ ಯಾರ ಜೊತೆ ಊಟ ಮಾಡುತ್ತೀ ಅಂತ ಕೇಳಿ.

ಕನ್ನಡದವರು ಬೇಕು ಅಂತ ಕೇಳುವುದಕ್ಕೆ ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ: ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮೊದಲು ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ವಿವರ ಹೇಳಬೇಕು. ತಜ್ಞರಿಗೆ ಕನ್ನಡ ಬಾರದಿದ್ದರೆ ಅಲ್ಲಿ ಕೆಲಸ ಮಾಡುವವರಲ್ಲಿ ಯಾರಿಗಾದರೂ ಬರಬಹುದು. ಆದರೆ ಮಗಳ ಮಾತನ್ನು ನೀವೇ ನಿಂತು ಅನುವಾದ ಮಾಡಬೇಡಿ. ಅಮ್ಮ ಅಪ್ಪನ ಎದುರು ಹೇಳಲಾಗದ್ದನ್ನು ಹೇಳುವುದಕ್ಕೇ ಅಲ್ಲವೇ ಅವಳು ಹೋಗುವುದು.

ಈಗ ಜಾಗಗಳ ಮಾತು. ಎಲ್ಲಕ್ಕಿಂತ ಹತ್ತಿರ ಶಾಲೆ. ಕೇರಳದ ಹಲವು ಸರ್ಕಾರಿ ಶಾಲೆಗಳಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯ ಕೌನ್ಸಿಲರ್ ಇರುತ್ತಾರೆ. ಪ್ಲಸ್ ವನ್, ಪ್ಲಸ್ ಟು ಮಕ್ಕಳಿಗೆ ಸೌಹೃದ ಕ್ಲಬ್ ಅಂತಿದೆ, ಅದನ್ನು ನೋಡಿಕೊಳ್ಳುವ ಒಬ್ಬರು ಟೀಚರ್ ಇರುತ್ತಾರೆ. ಮಲಯಾಳದಲ್ಲಿ ಸೌಹೃದಂ ಅಂದರೆ ಗೆಳೆತನ. ಆಫೀಸಿಗೆ ಹೋಗಿ "ಸೌಹೃದ ಟೀಚರನ್ನು ನೋಡಬೇಕು" ಅನ್ನಿ ಸಾಕು, ಬೇರೆ ಕಾರಣ ಹೇಳಬೇಕಾಗಿಲ್ಲ. ಮಗಳಿಗೆ ಕ್ಲಾಸ್ ಟೀಚರ್ ಮೇಲೆ ನಂಬಿಕೆ ಇದ್ದರೆ ಅವರಿಂದಲೇ ಶುರುಮಾಡಬಹುದು.

ಎರಡನೆಯದು ಪಂಚಾಯತಿನ ಆರೋಗ್ಯ ಕೇಂದ್ರ. ಕೇರಳದಲ್ಲಿ ಹೆಚ್ಚಿನ ಪಿಎಚ್‌ಸಿಗಳು ಈಗ ಕುಟುಂಬ ಆರೋಗ್ಯ ಕೇಂದ್ರಗಳಾಗಿವೆ. ಖಿನ್ನತೆಯನ್ನು ಬೇಗ ಗುರುತಿಸುವುದಕ್ಕೆ ಅಲ್ಲಿ "ಆಶ್ವಾಸಂ" ಅನ್ನುವ ಕ್ಲಿನಿಕ್ ನಡೆಸುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವೂ ಊರೂರಿನ ಆಸ್ಪತ್ರೆಗಳಲ್ಲಿ ಕ್ಲಿನಿಕ್ ಇಡುತ್ತದೆ. ನಿಮಗೆ ಹತ್ತಿರದಲ್ಲಿ ಯಾವ ದಿನ ಅಂತ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಕಾಯಲು ಆಗದಿದ್ದರೆ ಕಾಸರಗೋಡಿನ ಜನರಲ್ ಆಸ್ಪತ್ರೆ, ಇಲ್ಲವೇ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆ.

ಈ ಜಿಲ್ಲಾ ಕಾರ್ಯಕ್ರಮದ ವಿಷಯದಲ್ಲಿ ನನಗೊಂದು ಹೆಮ್ಮೆ ಇದೆ, ಹೇಳಿಬಿಡುತ್ತೇನೆ. ಅದು ಹುಟ್ಟಿದ್ದು ಇನ್ನೊಂದು ಕನ್ನಡ ಗಡಿ ಜಿಲ್ಲೆಯಲ್ಲಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಹಳ್ಳಿ ಆಸ್ಪತ್ರೆಯ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಊರಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಯೋಜನೆ ಬಂತು.

ಫೋನಿಗೆ ಇನ್ನೂ ಎರಡು ನಂಬರ್ ಇಟ್ಟುಕೊಳ್ಳಿ. 1056 ಕೇರಳದ ದಿಶಾ, ಆರೋಗ್ಯದ ಬಗ್ಗೆ ಯಾವ ಗೊಂದಲಕ್ಕೂ ಹಗಲು ರಾತ್ರಿ ಸಿಗುತ್ತದೆ, ಕೌನ್ಸೆಲಿಂಗ್ ಕೂಡ ಇದೆ. 1098 ಹದಿನೆಂಟರ ಒಳಗಿನ ಮಕ್ಕಳಿಗೆ. ಮಕ್ಕಳೇ ನೇರವಾಗಿ ಮಾಡಬಹುದು, ಗಡಿಯ ಈಚೆಗೂ ಆಚೆಗೂ ಅದೇ ನಂಬರ್. ಅದನ್ನು ಮಗಳ ಫೋನಿನಲ್ಲೂ ಹಾಕಿಕೊಡಿ.

ಮಂಗಳೂರಿಗೇ ಹೋಗೋಣವಾ ಅಂತ ನಿಮ್ಮ ಯಜಮಾನರು ಹೇಳುತ್ತಿದ್ದಾರೆ ಅಂದಿರಿ. ಇಲ್ಲಿ ಎಲ್ಲರೂ ಮೊದಲು ಹೇಳುವುದು ಅದನ್ನೇ. ತಲಪಾಡಿ ದಾಟಿದರೆ ದೇರಳಕಟ್ಟೆ, ಮುಂದೆ ಮಂಗಳೂರು, ಮೆಡಿಕಲ್ ಕಾಲೇಜುಗಳು ಸಾಲಾಗಿ ಇವೆ. ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯೂ ಇದೆ. ಕನ್ನಡ, ತುಳು ಎರಡೂ ನಡೆಯುತ್ತದೆ. ಗುರುತಿನವರ ಕಣ್ಣಿಗೆ ಬೀಳುವುದಿಲ್ಲ ಅನ್ನುವ ಧೈರ್ಯ ಬೇರೆ. ಹೋಗಿ, ತಪ್ಪಿಲ್ಲ. ಕೇರಳದ ಚಿಕಿತ್ಸಾ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ. ಆದರೆ ಈಚೆ ಕಡೆಯಲ್ಲೂ ಒಂದು ಫೈಲ್ ಇರಲಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದಾಗ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ನಮ್ಮ ಪಕ್ಕದ ಮನೆಯ ಅಕ್ಕ ವರ್ಷಗಳಿಂದ ಮಂಗಳೂರಿನ ಡಾಕ್ಟರ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮಾತ್ರೆ ಮುಗಿಯಿತು. ಇಲ್ಲಿ ಯಾವ ಆಸ್ಪತ್ರೆಯಲ್ಲೂ ಅವರ ಹೆಸರೇ ಇರಲಿಲ್ಲ. ಅವರು ನಿದ್ದೆಯಿಲ್ಲದೆ ರಾತ್ರಿಯಿಡೀ ಅಂಗಳದಲ್ಲಿ ನಡೆಯುವ ಶಬ್ದ ನಮ್ಮ ಮನೆಗೆ ಕೇಳುತ್ತಿತ್ತು. ವಾರ ವಾರ ಕೂತು ಮಾತಾಡುವ ಕೌನ್ಸೆಲಿಂಗಿಗೂ ಅಷ್ಟು ದೂರ ಓಡಾಡುವುದು ಕಷ್ಟ. ಎರಡು ಸಲ ಹೋಗಿ ಮೂರನೇ ಸಲ ಬಿಟ್ಟವರನ್ನು ಬಹಳ ನೋಡಿದ್ದೇನೆ.

ಜನ ಏನಂದುಕೊಳ್ಳುತ್ತಾರೆ ಅನ್ನುವ ಹೆದರಿಕೆ ನಿಜ. ಆಶಾ ನಿಮ್ಮ ವಾರ್ಡಿನವರೇ, ಕುಟುಂಬಶ್ರೀ ಮಹಿಳಾ ಸಂಘದಲ್ಲಿ ಪಕ್ಕ ಕೂರುವವರೇ. ಅವರಿಗೆ ಎಲ್ಲವನ್ನೂ ಹೇಳಬೇಕೆಂದಿಲ್ಲ, ಕ್ಲಿನಿಕ್ ಯಾವ ದಿನ ಅಂತ ಕೇಳಿದರೆ ಸಾಕು. ಚಿಕಿತ್ಸೆ ಕೊಡುವವರು ಗುಟ್ಟು ಕಾಯಬೇಕು ಅಂತ ಅದೇ 2017ರ ಕಾಯ್ದೆಯಲ್ಲಿದೆ. ಜೀವಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ಯಾರಾದರೂ ಲೈಂಗಿಕ ದೌರ್ಜನ್ಯ ಮಾಡಿದ್ದರೆ, ಇಂಥ ಕೆಲವು ಸಂದರ್ಭಗಳಲ್ಲಿ ಅವರು ಬೇರೆಯವರಿಗೆ ತಿಳಿಸಬೇಕಾಗುತ್ತದೆ. ದೌರ್ಜನ್ಯದ ವಿಷಯ ಪೊಲೀಸರಿಗೆ ತಿಳಿಸುವುದು ಪೋಕ್ಸೋ ಕಾನೂನಿನಲ್ಲಿ ಕಡ್ಡಾಯ. ಇದನ್ನು ಮಗಳಿಗೂ ಮೊದಲೇ ಹೇಳಿ, ಆಮೇಲೆ ಮೋಸ ಮಾಡಿದಿರಿ ಅನಿಸಬಾರದು.

ಪೊಲೀಸ್ ಕೇಸ್ ಆಗುತ್ತದೆ ಅಂತ ಹೆದರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳುವ ಮನೆಗಳಿವೆ. ಹೊಟ್ಟೆನೋವು, ಬಿದ್ದದ್ದು ಅಂತ ಏನೋ ಹೇಳುತ್ತಾರೆ. ಅದರಿಂದ ಚಿಕಿತ್ಸೆಯೇ ತಪ್ಪಿಹೋಗುತ್ತದೆ. ಜೀವ ಕಳೆದುಕೊಳ್ಳಲು ನೋಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಈ ಕಾಯ್ದೆಯ 115ನೇ ಸೆಕ್ಷನ್ ಭಾವಿಸುತ್ತದೆ. ಅವರಿಗೆ ಶಿಕ್ಷೆ ಇಲ್ಲ, ಆರೈಕೆ ಕೊಡುವುದು ಸರ್ಕಾರದ ಕೆಲಸ. ಪೊಲೀಸರು ಬಂದು ಏನಾಯಿತು ಅಂತ ಕೇಳಬಹುದು, ಅಷ್ಟಕ್ಕೆ ಹೆದರಬೇಡಿ. ಡಾಕ್ಟರಿಗೆ ನಿಜ ಹೇಳಿ.

ಪಕ್ಕದ ಮನೆಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿ, ದೈವಕ್ಕೆ ಹರಕೆ ಹೇಳಿ, ಉಸ್ತಾದರ ಹತ್ತಿರ ನೂಲು ಕಟ್ಟಿಸಿ ಅಂತ ಹೇಳಿಯೇ ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ಅವರಿಗೆ ತಿಳಿದಿರುವ ಪ್ರೀತಿ ಅದು. ದೈವದ ಎದುರು ನಿಂತು ಅತ್ತು ಹಗುರಾದವರನ್ನು ನಾನು ಕಂಡಿದ್ದೇನೆ. ಹೋಗುವುದಾದರೆ ಹೋಗಿ ಬನ್ನಿ. ಅದಕ್ಕಾಗಿ ಡಾಕ್ಟರನ್ನು ನೋಡುವ ದಿನ ಮುಂದೆ ಹಾಕಬೇಡಿ, ಶುರುವಾದ ಮಾತ್ರೆ ನಿಲ್ಲಿಸಬೇಡಿ.

ಮಕ್ಕಳ ಮಂಡೆಬೆಚ್ಚಕ್ಕೆ ಮನೆಯೇ ಕಾರಣವಾಗಿರುವುದೂ ಉಂಟು. ನಿಮ್ಮ ಮನೆ ಹಾಗೆ ಅಂತ ಹೇಳುತ್ತಿಲ್ಲ, ನಿಮ್ಮ ಬೀದಿಯಲ್ಲಿ ಯಾರಿಗಾದರೂ ಬೇಕಾಗಬಹುದು. ಗಂಡ ಹೊಡೆಯುತ್ತಾನೆ, ಮನೆಯಲ್ಲಿ ನಿಲ್ಲಲಾಗುವುದಿಲ್ಲ ಅನ್ನುವ ಹೆಂಗಸರಿಗೆ ಕುಟುಂಬಶ್ರೀಯ ಸ್ನೇಹಿತಾ ಇದೆ, ತಾತ್ಕಾಲಿಕವಾಗಿ ಉಳಿಯಲು ಜಾಗವನ್ನೂ ಕೊಡುತ್ತಾರೆ. ಫೋನಿಗೆ ಮಹಿಳಾ ಸಹಾಯವಾಣಿ 181 ಇದೆ. ಕುಡಿತ, ಗಾಂಜಾದಂಥ ಚಟಕ್ಕೆ ಅಬಕಾರಿ ಇಲಾಖೆಯ ವಿಮುಕ್ತಿ, ನಂಬರ್ 14405.

ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತರಾದ ಮಕ್ಕಳ ಅಮ್ಮಂದಿರ ಬಗ್ಗೆಯೂ ಹೇಳದಿರಲು ಆಗುವುದಿಲ್ಲ. ಎಣ್ಮಕಜೆ ಕಡೆ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಆ ವಿಷ ಸುರಿದ ಕಾಲದ ಹೊರೆಯನ್ನು ಈಗಲೂ ಹೊತ್ತಿರುವವರು ಅವರು. ಮೂವತ್ತು ವರ್ಷದ ಮಗನಿಗೆ ದಿನಾ ತುತ್ತು ಕೊಡುವ ತಾಯಿಯ ಹತ್ತಿರ ಬಂದವರೆಲ್ಲ ಮಗ ಹೇಗಿದ್ದಾನೆ ಅಂತ ಕೇಳುತ್ತಾರೆ. ನೀವು ಹೇಗಿದ್ದೀರಿ ಅಂತ ಅವರನ್ನು ಕೇಳುವವರು ಕಡಿಮೆ. ದೀರ್ಘ ಕಾಯಿಲೆಯವರನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೆ ಬರುತ್ತಾರಲ್ಲ, ಅಮ್ಮನ ನಿದ್ದೆ, ಅಮ್ಮನ ಅಳು ಕೂಡ ಅವರ ಹತ್ತಿರ ಹೇಳಬೇಕಾದ ವಿಷಯವೇ.

ನಮ್ಮ ಹುಡುಗನಿಗೆ ಏನಾಯಿತು ಅಂತ ಕೇಳುತ್ತೀರಿ. ಕೆಲವು ತಿಂಗಳು ಕೌನ್ಸೆಲಿಂಗ್ ನಡೆಯಿತು. ಕನ್ನಡ ಬರುವ ಒಬ್ಬರು ಟೀಚರ್ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೂರಿಸಿಕೊಂಡು ಪಾಠ ಹೇಳಿದರು. ಒಂದು ದಿನ ಅವನೇ ಬಿಸಿನೀರು ಕಾಯಿಸಿ ಸ್ನಾನ ಮಾಡಿ ಬಂದು, ಹಸಿವು ಅಂದ. ಚಿಕ್ಕಮ್ಮ ಅವತ್ತೇ ನನಗೆ ಫೋನ್ ಮಾಡಿ ಹೇಳಿದರು.

ಒಂದು ಚೀಟಿಯಲ್ಲಿ ಇದನ್ನು ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ: "ಕನ್ನಡ ಅರಿಯಾವುನ್ನ ಆರೆಂಗಿಲುಂ ಉಂಡೋ?" ಕನ್ನಡ ಗೊತ್ತಿರುವವರು ಯಾರಾದರೂ ಇದ್ದಾರಾ ಅಂತ ಅರ್ಥ. ಕೌಂಟರಿನಲ್ಲಿ ನಿಧಾನಕ್ಕೆ ಓದಿ ಹೇಳಿದರೆ ಸಾಕು. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ಹಿಂದಿನ ದಿನ ತಿಳಿಸಿ. ನಾನು ಜೊತೆಗೆ ಬರುತ್ತೇನೆ.