ಡೆಲ್ಫ್ಟ್‌ಗೆ ಹೊರಡುವ ಮುಂಚೆ ತೋಟದ ಏಣಿ ಅಳೆಯಿರಿ

ಹಾಸನದಲ್ಲಿ ಮೆಕ್ಯಾನಿಕಲ್ ಮುಗಿಸಿದ್ದೀರಿ, ನಾನಿರುವ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಓದಲು ಆಗಸ್ಟ್‌ನಲ್ಲಿ ಹೊರಡುತ್ತೀರಿ. ಯಾವ ಸಾಫ್ಟ್‌ವೇರ್ ಕಲಿತಿರಬೇಕು, ಪಾರ್ಟ್‌ಟೈಮ್ ಕೆಲಸ ಹೇಗೆ, ಊಟ, ಚಳಿ ಹೇಗೆ ಎಂದು ಕೇಳಿದ್ದೀರಿ.

ಸಾಲಿಡ್‌ವರ್ಕ್ಸ್ ಬಂದರೆ ಸಾಕು, ಉಳಿದದ್ದು ಇಲ್ಲೇ ಕಲಿಯಬಹುದು. ಅಕ್ಕಿ, ಬೇಳೆ ಪಕ್ಕದ ಡೆನ್ ಹಾಗ್‌ನಲ್ಲಿ ಸಿಗುತ್ತವೆ. ಸಾರಿನ ಪುಡಿ ಮಾತ್ರ ಮನೆಯದೇ ತನ್ನಿ. ಮಲೆನಾಡಿನವರಿಗೆ ಮಳೆ ಹೊಸದಲ್ಲ, ಗಾಳಿ ಹೊಸದು. ಕೊಡೆ ನಿಲ್ಲುವುದಿಲ್ಲ, ಒಳ್ಳೆಯ ಜರ್ಕಿನ್ ಬೇಕು. ಕೆಲಸ ವಾರಕ್ಕೆ 16 ಗಂಟೆ, ಇಲ್ಲವೇ ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ತಿ ಹೊತ್ತು. ಪರ್ಮಿಟ್ ಕೆಲಸ ಕೊಡುವವರೇ ತೆಗೆಯಬೇಕು, ಹಾಗಾಗಿ ಸಣ್ಣ ಅಂಗಡಿಯವರು ಹಿಂಜರಿಯುತ್ತಾರೆ. ಈ ದುಡ್ಡು ನಂಬಿ ಫೀಸಿನ ಲೆಕ್ಕ ಹಾಕಬೇಡಿ.

ನೀವು ಕೇಳದೇ ಇದ್ದದ್ದು ಪೋರ್ಟ್‌ಫೋಲಿಯೊ, ಅಂದರೆ ನೀವು ಮಾಡಿದ ಕೆಲಸಗಳನ್ನು ತೋರಿಸುವ ಪುಸ್ತಕ. ಇಂಟರ್ನ್‌ಶಿಪ್‌ಗೂ ಕೆಲಸಕ್ಕೂ ಮೊದಲು ನೋಡುವುದು ಅದನ್ನೇ. ನಾನು ಬಂದ ಕಾಲದಿಂದ ಇವತ್ತಿನವರೆಗೂ ನನಗಿರುವ ಕೊರಗು ಒಂದೇ: ನಮ್ಮ ಕಡೆಯ ಹುಡುಗ ಹುಡುಗಿಯರ ಪೋರ್ಟ್‌ಫೋಲಿಯೊ ತೆರೆದರೆ ಬ್ಲೂಟೂತ್ ಸ್ಪೀಕರ್, ಎಲೆಕ್ಟ್ರಿಕ್ ಬೈಕು, ಮಿರಿಮಿರಿ ಮಿಂಚುವ ರೆಂಡರ್‌ಗಳು, ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರಗಳು. ಹುಟ್ಟಿ ಬೆಳೆದ ತೋಟದ ಒಂದು ವಸ್ತುವೂ ಇರುವುದಿಲ್ಲ. ಇಲ್ಲಿಯ ಮೇಷ್ಟರು ರೆಂಡರ್ ನೋಡಿ ಕೇಳುವ ಮೊದಲ ಪ್ರಶ್ನೆ, "ಬಳಸುವವರ ಜೊತೆ ನಿಂತು ನೋಡಿದ್ದೀರಾ?"

ಚಿಕ್ಕಮಗಳೂರು, ಸಕಲೇಶಪುರದ ಕಡೆ ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಯನ್ನೇ ತೆಗೆದುಕೊಳ್ಳಿ. ಬಿದಿರಿಗೆ ಹುಳ ಹಿಡಿಯುತ್ತದೆ, ಇದು ಹಗುರ, ಅದಕ್ಕೇ ಬಂತು. ಆದರೆ ಕರೆಂಟ್ ಹರಿಯುತ್ತದೆ. ಎಷ್ಟೋ ಸಾವು ಏಣಿ ಹತ್ತಿದಾಗ ಆದದ್ದಲ್ಲ, ಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಏಣಿ ಸಾಗಿಸುವಾಗ ಆದದ್ದು. ಮಲಗಿಸಿ ಒಯ್ದರೆ ಕಾಫಿ ಗಿಡದ ರೆಕ್ಕೆ (ಅಡ್ಡ ಕೊಂಬೆ) ಮುರಿಯುತ್ತದೆ, ಮತ್ತೆ ಎತ್ತಿ ನಿಲ್ಲಿಸುವುದೂ ಕಷ್ಟ. ಹಾಗಾಗಿ ನಿಲ್ಲಿಸಿಕೊಂಡೇ ನಡೆಯುತ್ತಾರೆ, ತುದಿ 11 ಕೆ.ವಿ. (11 ಸಾವಿರ ವೋಲ್ಟ್) ಕರೆಂಟ್ ತಂತಿಗೆ ತಗಲುತ್ತದೆ. "ಫೈಬರ್ ಏಣಿ ಮಾಡಿದರಾಯಿತು" ಎಂದು ಅಲ್ಲಿಗೇ ನಿಲ್ಲಿಸಬೇಡಿ. ಅದು ಅಲ್ಯೂಮಿನಿಯಂಗಿಂತ ಭಾರ; ಒದ್ದೆಯಾಗಿ ಕೊಳೆ ಹಿಡಿದರೆ ಅದನ್ನೂ ನಂಬುವಂತಿಲ್ಲ; ಬಿಸಿಲಿಗೆ ಮೇಲಿನ ರೆಸಿನ್ ಸವೆದು ನಾರು ಎದ್ದು ಅಂಗೈಗೆ ಚುಚ್ಚುತ್ತದೆ. ಹಾಗಾಗಿ ಏಣಿ ಯಾವುದರದ್ದು ಎಂಬುದಕ್ಕಿಂತ ಅದು ಗಿಡಗಳ ನಡುವೆ ಹೇಗೆ ಸಾಗುತ್ತದೆ ಎಂಬುದೇ ನಿಮ್ಮ ಪ್ರಾಜೆಕ್ಟ್.

ಈಗ ಕೊಯ್ಲಿಲ್ಲ, ಆದರೂ ಏಣಿ ಶೆಡ್ಡಿನಲ್ಲಿದೆ, ಹತ್ತುವವರು ತೋಟದ ಲೈನ್ ಮನೆಗಳಲ್ಲಿದ್ದಾರೆ. ಕಾಫಿ ತೂಗುವ ತಕ್ಕಡಿಯಲ್ಲೇ ಏಣಿ ತೂಗಿ. ಮೆಟ್ಟಿಲಿಂದ ಮೆಟ್ಟಿಲಿಗೆ ಎಷ್ಟು ಮಿಲಿಮೀಟರ್, ಗಣೆಯ ದಪ್ಪ ಎಷ್ಟು, ಹಿಡಿದ ಕೈಯ ಸುತ್ತಳತೆ ಎಷ್ಟು, ಸೊಂಟದ ಚೀಲ ಯಾವ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ, ಎಲ್ಲ ಬರೆದುಕೊಳ್ಳಿ. ಡೆಲ್ಫ್ಟ್‌ನವರದ್ದೇ ಡೈನೆಡ್ ಎಂಬ ದೇಹದ ಅಳತೆಗಳ ಭಂಡಾರವಿದೆ, ಆದರೆ ಉದ್ದುದ್ದ ಡಚ್ಚರ ಅಳತೆ ಹಿಡಿದು ನಮ್ಮ ಆಳಿಗೆ ಏಣಿ ಮಾಡಲಾಗದು. ಸರಾಸರಿಯನ್ನೂ ಹಿಡಿಯಬೇಡಿ: ಕೈಗೆಟುಕಬೇಕಾದ್ದನ್ನು ಗುಂಪಿನ ಗಿಡ್ಡನೆಯವರಿಗೆ, ಮೈ ತೂರಬೇಕಾದ ಜಾಗವನ್ನು ದಪ್ಪನೆಯವರಿಗೆ ಲೆಕ್ಕ ಹಾಕಿ. ರಟ್ಟು, ಬಿದಿರಿನಲ್ಲಿ ಪೂರ್ಣ ಅಳತೆಯ ಮಾದರಿ ಮಾಡಿ ಅವರ ಕೈಗೇ ಕೊಡಿ. ಮುರಿದದ್ದರ ಫೋಟೊ ಇರಲಿ, ಯಾಕೆ ಮುರಿಯಿತು ಎಂಬ ಒಂದು ಸಾಲೂ ಇರಲಿ. ಇಲ್ಲಿ ಹೆಚ್ಚು ಹೊತ್ತು ನೋಡುವುದು ಆ ಪುಟವನ್ನೇ.

ಒಂದು ಎಚ್ಚರ. ಅಳೆಯುವಾಗ ಏಣಿ ನೆಲದ ಮೇಲೆ ಮಲಗಿರಲಿ. ನಿಲ್ಲಿಸಲೇಬೇಕಾದರೆ ತಂತಿಯಿಲ್ಲದ ಕಡೆ, ತೋಟದ ರೈಟರನ್ನು (ಕೆಲಸ ನೋಡಿಕೊಳ್ಳುವವರನ್ನು) ಜೊತೆಗೆ ಕರೆದುಕೊಂಡೇ ನಿಲ್ಲಿಸಿ.