ಗ್ರೀಸ್ ನಿಜಕ್ಕೂ ‘ದಿವಾಳಿ’ ಆಗಿತ್ತಾ? ಗ್ರೀಕರು ಅದಕ್ಕೆ ಏನಂತಾರೆ?

ಗ್ರೀಸ್ ಸಾಲದ ಬಗ್ಗೆ ಲೇಖನ ಬರೆಯುತ್ತಿದ್ದೀರಿ. ಹಳೇ ಸುದ್ದಿಗಳಲ್ಲಿ ಒಂದು ಕಡೆ ಬ್ಯಾಂಕ್ರಪ್ಟ್, ಒಂದು ಕಡೆ ಡಿಫಾಲ್ಟ್, ಮತ್ತೊಂದು ಕಡೆ ಇನ್‌ಸಾಲ್ವೆಂಟ್ ಅಂತ ಸಿಕ್ಕಿ ಗೊಂದಲವಾಗಿದೆ. ಇವೆಲ್ಲ ಒಂದೇನಾ, ಗ್ರೀಕರು ಸ್ವತಃ ಯಾವ ಮಾತು ಬಳಸುತ್ತಾರೆ ಅಂತ ಕೇಳಿದ್ದೀರಿ. ನಾನು ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ ಒಂದು ಹಡಗು ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಆಗ ಈ ಮಾತುಗಳು ದಿನಾ ಕಿವಿಗೆ ಬೀಳುತ್ತಿದ್ದವು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಇಂಗ್ಲಿಷ್ ವಿಷಯ ಬೇಗ ಮುಗಿಯುತ್ತದೆ. ಸಾಲ ತೀರಿಸುವಷ್ಟು ಕೈಯಲ್ಲಿಲ್ಲದ ಸ್ಥಿತಿ ಇನ್‌ಸಾಲ್ವೆನ್ಸಿ. ಕಟ್ಟಬೇಕಾದ ದಿನ ಕಂತು ಕಟ್ಟದಿದ್ದರೆ ಅದು ಡಿಫಾಲ್ಟ್. ದುಡ್ಡಿದ್ದೂ ಕಟ್ಟದಿದ್ದರೂ ಡಿಫಾಲ್ಟೇ. ಬ್ಯಾಂಕ್ರಪ್ಟ್ ಅನ್ನುವುದು ಕೋರ್ಟು ಒತ್ತುವ ಮುದ್ರೆ. ಆ ಪದ ಇಟಲಿಯ ‘ಬಾಂಕಾ ರೊತ್ತಾ’ದಿಂದ, ಅಂದರೆ ‘ಮುರಿದ ಬೆಂಚು’ ಅನ್ನುವುದರಿಂದ ಬಂದದ್ದು. ಸಾಲ ತೀರಿಸದ ಲೇವಾದೇವಿಗಾರನ ಬೆಂಚನ್ನು ಜನ ನಿಜವಾಗಲೂ ಒಡೆದುಹಾಕುತ್ತಿದ್ದರು ಅಂತ ಎಲ್ಲರೂ ಕತೆ ಹೇಳುತ್ತಾರೆ. ನನಗೆ ಆ ಕತೆಯ ಮೇಲೆ ಅಷ್ಟು ನಂಬಿಕೆ ಇಲ್ಲ. ವ್ಯಾಪಾರ ಮುರಿದುಬಿತ್ತು ಅಂತ ನಾವೂ ಹೇಳುತ್ತೇವೆ, ಅದಕ್ಕಾಗಿ ಯಾರೂ ಕೊಡಲಿ ಹಿಡಿಯಬೇಕಿಲ್ಲ.

ಇಂಗ್ಲೆಂಡಿನ ಮೊದಲ ದಿವಾಳಿ ಕಾನೂನು ಬಂದದ್ದು 1542ರಲ್ಲಿ. ಅದರ ಕಣ್ಣಲ್ಲಿ ದಿವಾಳಿ ಎದ್ದವನು ಅಪರಾಧಿ. ಆಮೇಲೆ ಬಹಳ ಕಾಲ ಬ್ಯಾಂಕ್ರಪ್ಟ್ ಆಗುವ ‘ಸೌಲಭ್ಯ’ ವ್ಯಾಪಾರಿಗಳಿಗೆ ಮಾತ್ರ ಇತ್ತು. ಉಳಿದ ಸಾಲಗಾರರು ಇನ್‌ಸಾಲ್ವೆಂಟ್ ಅನ್ನಿಸಿಕೊಂಡು ಜೈಲಿನಲ್ಲಿ ಕೊಳೆಯಬೇಕಿತ್ತು. ಈ ಭೇದ ಹೋದದ್ದು 1861ರ ಕಾಯ್ದೆಯಿಂದ. ಇಂದಿಗೂ ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಬ್ಯಾಂಕ್ರಪ್ಟ್ ಆಗುವವನು ಮನುಷ್ಯ. ಕಂಪನಿಗೆ ಬೇರೆ ಹೆಸರು, ಬೇರೆ ದಾರಿ. ಅಮೆರಿಕದಲ್ಲಿ ಇಬ್ಬರಿಗೂ ಒಂದೇ ಪದ. ಆದರೆ ಒಂದು ದೇಶವನ್ನು ನಿಲ್ಲಿಸಿ ‘ನೀನು ದಿವಾಳಿ’ ಅಂತ ಹೇಳುವ ಕೋರ್ಟು ಪ್ರಪಂಚದಲ್ಲೇ ಇಲ್ಲ. ಅದಕ್ಕೇ ಎಚ್ಚರದಿಂದ ಬರೆಯುವ ಇಂಗ್ಲಿಷ್ ಪತ್ರಿಕೆಗಳು ದೇಶಕ್ಕೆ ಡಿಫಾಲ್ಟ್ ಅನ್ನುತ್ತವೆ.

ಗ್ರೀಕರಿಗೆ ಈ ಮಡಿವಂತಿಕೆ ಇಲ್ಲ. ಅಂಗಡಿಯವನಿಗೂ ಸರ್ಕಾರಕ್ಕೂ ಅದೇ ಮಾತು: ‘ಪ್ತೊಹೆಫ್ಸಿ’. ಇದರ ಬೇರು ‘ಪ್ತೊಹೋಸ್’. ಇಂದು ಅದಕ್ಕೆ ಬಡವ ಅಂತ ಅರ್ಥ. ಹಳೇ ಗ್ರೀಕಿನಲ್ಲಿ ಮಾತ್ರ ಭಿಕ್ಷುಕ. ದುಡಿದು ಹೇಗೋ ಹೊಟ್ಟೆ ಹೊರೆಯುವವನಿಗೆ ಬೇರೆ ಪದವೇ ಇತ್ತು. ನಮ್ಮಲ್ಲಿ ‘ಪಾಪರ್ ಆದ’, ‘ಪಾಪರ್ ಚೀಟಿ ತಗೊಂಡ’ ಅನ್ನುತ್ತೇವಲ್ಲ, ಅದು ಬ್ರಿಟಿಷರ ಕಾಲದ ಕೋರ್ಟಿನಿಂದ ಬಂದ ಮಾತು. ಇಂಗ್ಲಿಷಿನಲ್ಲಿ ಪಾಪರ್ ಅಂದರೆ ನಿರ್ಗತಿಕ. ಅಂದರೆ ಇಂಗ್ಲಿಷರ ಪದವನ್ನೇ ತಗೊಂಡು ನಾವು ಗ್ರೀಕರ ಥರ ಯೋಚಿಸಿದ್ದೇವೆ.

ಈ ಮಾತು ಗ್ರೀಕರ ನೆನಪಿನಲ್ಲಿ ಅಚ್ಚೊತ್ತಿದ್ದು 1893ರಲ್ಲಿ. ಆಗ ಪ್ರಧಾನಿ ಹರಿಲಾಓಸ್ ತ್ರಿಕೂಪಿಸ್. ರೈಲು, ರಸ್ತೆ ಅಂತ ವಿದೇಶದಿಂದ ವಿಪರೀತ ಸಾಲ ತಂದಿದ್ದ. ದೇಶದ ದೊಡ್ಡ ರಫ್ತು ಒಣದ್ರಾಕ್ಷಿ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆ ರೋಗ ಬಡಿದಿದ್ದಾಗ ಫ್ರೆಂಚರು ಗ್ರೀಕ್ ಒಣದ್ರಾಕ್ಷಿಯಿಂದಲೇ ವೈನ್ ಮಾಡುತ್ತಿದ್ದರು. ತೋಟಗಳು ಚೇತರಿಸಿಕೊಂಡ ಮೇಲೆ ಸುಂಕ ಏರಿಸಿದರು. ದರ ನೆಲ ಕಚ್ಚಿತು. ಡಿಸೆಂಬರಿನಲ್ಲಿ ತ್ರಿಕೂಪಿಸ್ ಸಂಸತ್ತಿನಲ್ಲಿ ನಿಂತು ‘ದಿಸ್ತಿಹೋಸ್ ಎಪ್ತೊಹೆಫ್ಸಮೆನ್’ ಅಂದ ಅಂತ ಪ್ರತೀತಿ. ‘ನಮ್ಮ ದುರದೃಷ್ಟ, ಪಾಪರ್ ಆದೆವು.’ ಇಂದಿಗೂ ಕಾಫಿ ಅಂಗಡಿಯಲ್ಲಿ ಜೇಬು ಖಾಲಿಯಾದವನು ತಮಾಷೆಗೆ ಈ ಸಾಲು ಹೇಳುತ್ತಾನೆ.

ಆಮೇಲೆ ನಡೆದದ್ದು ತಮಾಷೆಯಲ್ಲ. 1897ರಲ್ಲಿ ತುರ್ಕರ ವಿರುದ್ಧ ಯುದ್ಧ ಸೋತರು. ಮರುವರ್ಷ ಆರು ದೊಡ್ಡ ರಾಷ್ಟ್ರಗಳು ಅಥೆನ್ಸ್‌ಗೆ ಬಂದು ಸಾಲ ವಸೂಲಿಗೆ ಆಯೋಗ ಹಾಕಿ ಕೂತವು. ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ, ಇಸ್ಪೀಟು ಎಲೆ, ಸಿಗರೇಟು ಕಾಗದ ಇವುಗಳ ಆದಾಯವೆಲ್ಲ ಸಾಲಕ್ಕೆ. ಪಿರೇಯಸ್ ಬಂದರಿನ ಸುಂಕವೂ ಅಷ್ಟೇ.

ಇನ್ನೊಂದು ಪದ ಇದೆ, ನನಗೆ ಇದೇ ಜಾಸ್ತಿ ಇಷ್ಟ: ‘ಹ್ರೆಯೊಕೊಪಿಯ’. ಹ್ರೆಯೋಸ್ ಅಂದರೆ ಸಾಲ, ಕೊಪ್ತೊ ಅಂದರೆ ಕತ್ತರಿಸು. ಸಾಲ ಕತ್ತರಿಸುವುದು. ಪತ್ರಿಕೆಯವರು, ಜನಸಾಮಾನ್ಯರು ದೇಶದ ದಿವಾಳಿಗೆ ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಮೊದಲ ಪದದಲ್ಲಿ ಸಾಲಗಾರ ತಟ್ಟೆ ಹಿಡಿದು ನಿಂತಿದ್ದಾನೆ. ಇದರಲ್ಲಿ ಅವನ ಕೈಯಲ್ಲಿ ಕತ್ತರಿ ಇದೆ, ಕೊಟ್ಟವನು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾನೆ.

ಈ ಪದದ ಹಿಂದೆ ಒಂದು ಹಗರಣವೇ ಇದೆ. ಕ್ರಿ.ಪೂ. 594ರ ಸುಮಾರಿಗೆ ಅಥೆನ್ಸ್‌ನಲ್ಲಿ ಸೋಲೋನ್ ಎಂಬ ಆಡಳಿತಗಾರ ಸಾಲಗಳನ್ನು ರದ್ದು ಮಾಡಿದ. ಸಾಲಕ್ಕಾಗಿ ಮನುಷ್ಯರನ್ನು ಜೀತಕ್ಕೆ ತಳ್ಳುವುದನ್ನೂ ನಿಲ್ಲಿಸಿದ. ಅವನ ಗೆಳೆಯರಿಗೆ ಈ ಗುಟ್ಟು ಮೊದಲೇ ಗೊತ್ತಾಗಿತ್ತಂತೆ. ಅವಸರದಲ್ಲಿ ದೊಡ್ಡ ಸಾಲ ಎತ್ತಿ ಜಮೀನು ಕೊಂಡರು. ಸಾಲ ರದ್ದಾಯಿತು, ಜಮೀನು ಉಳಿಯಿತು. ಊರಿನವರು ಅವರಿಗೆ ‘ಸಾಲ ಕತ್ತರಿಸುವವರು’ ಅಂತ ಅಡ್ಡಹೆಸರು ಇಟ್ಟರು. ಸೋಲೋನ್‌ಗೂ ಕೆಟ್ಟ ಹೆಸರು ಬಂತು. ಆದರೆ ತನಗೆ ಬರಬೇಕಿದ್ದ ಐದು ತಲಾಂತು (ಆ ಕಾಲದ ದೊಡ್ಡ ಹಣದ ಲೆಕ್ಕ) ಸಾಲವನ್ನು ಅವನೇ ಮೊದಲು ಬಿಟ್ಟುಕೊಟ್ಟ ಅಂತ ಗೊತ್ತಾಗಿ ಜನ ಸುಮ್ಮನಾದರಂತೆ. ಇದನ್ನೆಲ್ಲ ಬರೆದಿಟ್ಟವನು ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್. ಅವನು ಇನ್ನೊಂದು ಮಾತೂ ಹೇಳುತ್ತಾನೆ: ಅಥೆನ್ಸ್‌ನವರು ಕೆಟ್ಟ ವಿಷಯಕ್ಕೆ ಚಂದದ ಹೆಸರಿಡುವುದರಲ್ಲಿ ನಿಸ್ಸೀಮರು, ಜೈಲಿಗೆ ‘ಕೋಣೆ’ ಅನ್ನುತ್ತಾರೆ, ಈ ಚಾಳಿ ಶುರುಮಾಡಿದವನೇ ಸೋಲೋನ್. ಯಾಕೆಂದರೆ ಅವನು ಸಾಲ ರದ್ದಿಗೆ ‘ಸೈಸಾಕ್ಥಿಯ’, ಅಂದರೆ ‘ಹೊರೆ ಕೊಡವಿಹಾಕುವುದು’ ಅಂತ ಹೆಸರಿಟ್ಟ.

ಈ ಚಾಳಿಗೆ ಮುಪ್ಪು ಬಂದಿಲ್ಲ. 2012ರ ಮಾರ್ಚ್‌ನಲ್ಲಿ ಖಾಸಗಿಯವರ ಕೈಲಿದ್ದ ಸುಮಾರು 20,000 ಕೋಟಿ ಯೂರೋ ಮೊತ್ತದ ಗ್ರೀಕ್ ಸರ್ಕಾರದ ಬಾಂಡುಗಳ (ಸಾಲಪತ್ರಗಳ) ಮುಖಬೆಲೆಯಲ್ಲಿ ಶೇಕಡಾ 53.5 ಹಾರಿಹೋಯಿತು. ಅದಕ್ಕೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು ‘ಹೇರ್‌ಕಟ್’. ಗ್ರೀಕಿನಲ್ಲಿ ಅದೇ ‘ಕೂರೆಮ’ ಆಯಿತು. ಕಾಗದದ ಮೇಲೆ ಇದು ‘ಸ್ವಇಚ್ಛೆಯ’ ವಿನಿಮಯ. ಕಳೆದುಕೊಂಡವರಲ್ಲಿ ಗ್ರೀಸಿನ ಪಿಂಚಣಿ ನಿಧಿಗಳೂ ಇದ್ದವು. ಕನ್ನಡದಲ್ಲಿ ‘ತಲೆ ಬೋಳಿಸಿದರು’ ಅಂದಿದ್ದರೆ ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಗುತ್ತಿತ್ತು, ಅಲ್ವಾ?

2015ರ ಜೂನ್ 30ರಂದು ಗ್ರೀಸ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಾದ ಐಎಂಎಫ್‌ಗೆ ಕಟ್ಟಬೇಕಿದ್ದ ಸುಮಾರು 150 ಕೋಟಿ ಯೂರೋ ಕಟ್ಟಲಿಲ್ಲ. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಗುತ್ತಿದ್ದ ದಿನಗಳವು. ಐಎಂಎಫ್ ಅದನ್ನು ಡಿಫಾಲ್ಟ್ ಅನ್ನಲಿಲ್ಲ. ‘ಬಾಕಿ ಇದೆ’ ಅಂತಷ್ಟೇ ಪ್ರಕಟಣೆ ಕೊಟ್ಟಿತು.

ಬೀದಿಯ ಮಾತೂ ಒಂದು ಗೊತ್ತಿರಲಿ. ಅಂಗಡಿ ಮುಳುಗಿದರೆ ಗ್ರೀಕರು ‘ಕನೋನಿ ಹೊಡೆದ’ ಅನ್ನುತ್ತಾರೆ. ಕನೋನಿ ಅಂದರೆ ಫಿರಂಗಿ. ಪಿರೇಯಸ್‌ನಲ್ಲಿ ಯಾವ ಏಜೆಂಟು ಕೈ ಎತ್ತಿದ ಅನ್ನುವ ಸುದ್ದಿ ನನಗೆ ಬರುತ್ತಿದ್ದದ್ದು ಈ ಪದದಲ್ಲೇ, ಕಾನೂನಿನ ಪದ ಬರುವ ಎಷ್ಟೋ ಮೊದಲು.

ನಿಮ್ಮ ಲೇಖನದಲ್ಲಿ 1893ಕ್ಕೆ ಧಾರಾಳವಾಗಿ ದಿವಾಳಿ ಅಂತ ಬರೆಯಿರಿ, ಪ್ರಧಾನಿಯ ಹೆಸರಿನಲ್ಲಿ ನಿಂತಿರುವ ಮಾತೇ ಅದು. 2012ಕ್ಕೆ ಡಿಫಾಲ್ಟ್ ಸರಿ, ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್ ಸಂಸ್ಥೆಗಳೂ ಹಾಗೇ ಗುರುತಿಸಿದ್ದವು. 2015ಕ್ಕೆ ‘ಐಎಂಎಫ್ ಕಂತು ತಪ್ಪಿತು’ ಅಂತ ಬರೆದರೆ ಯಾರೂ ತಕರಾರು ಮಾಡುವುದಿಲ್ಲ.