ಉತ್ತರಕ್ಕೆ ಹೋದಷ್ಟೂ ಚಳಿ ಜಾಸ್ತಿಯೇ?

ಓದುಗರೊಬ್ಬರ ಆಕ್ಷೇಪ: "ರಷ್ಯಾ ಲೇಖನದಲ್ಲಿ ಮುರ್ಮಾನ್ಸ್ಕ್‌ಗಿಂತ ಯಾಕುತ್ಸ್ಕ್‌ನಲ್ಲಿ ಚಳಿ ಜಾಸ್ತಿ ಎಂದಿದೆ. ಭೂಪಟದಲ್ಲಿ ಮುರ್ಮಾನ್ಸ್ಕ್ ಇನ್ನೂ ಉತ್ತರಕ್ಕಿದೆ. ಹೆಸರು ಅದಲುಬದಲಾಗಿರಬೇಕು, ತಿದ್ದುಪಡಿ ಹಾಕಿ."

ಹೆಸರು ಸರಿಯಾಗಿಯೇ ಇದೆ. ಕಾರಣ ವಿವರಿಸುವ ಪ್ಯಾರಾವನ್ನು ಜಾಗ ಸಾಲದೆ ಕತ್ತರಿಸಿದವನು ನಾನು, ಆ ತಪ್ಪು ನನ್ನದು. ನೀವು ಭೂಪಟ ತೆಗೆದು ನೋಡಿದ್ದು ಖುಷಿಯ ವಿಷಯ, ಆದರೆ ಮೇಲೆ ಕೆಳಗೆ ಮಾತ್ರ ನೋಡಿದಿರಿ, ನೀರು ಎಲ್ಲಿದೆ ಅಂತ ನೋಡಲಿಲ್ಲ ಅಲ್ವಾ? ಮುರ್ಮಾನ್ಸ್ಕ್ ಸುಮಾರು 69 ಡಿಗ್ರಿ ಅಕ್ಷಾಂಶದಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. ಆದರೂ ಜನವರಿಯ ಸರಾಸರಿ ಮೈನಸ್ 10ರ ಆಸುಪಾಸು, ಯಾಕೆಂದರೆ ಅಟ್ಲಾಂಟಿಕ್‌ನ ಬೆಚ್ಚನೆಯ ನೀರು ಅಲ್ಲಿಯವರೆಗೂ ಹರಿದು ಬರುತ್ತದೆ. ಬಂದರು ಹೆಪ್ಪುಗಟ್ಟುವುದಿಲ್ಲ. 62 ಡಿಗ್ರಿಯಲ್ಲಿರುವ, ಸೈಬೀರಿಯಾದ ಒಳನಾಡಿನ ಯಾಕುತ್ಸ್ಕ್‌ನಲ್ಲಿ ಅದೇ ತಿಂಗಳು ಮೈನಸ್ 40ರ ಹತ್ತಿರ.

ಅಲ್ಲಿ ಸುತ್ತ ಬರೀ ನೆಲ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸೈಬೀರಿಯಾದ ಚಳಿಗಾಲದಲ್ಲಿ ಗಾಳಿ ಸುಮ್ನೆ ನಿಂತುಬಿಡುತ್ತದೆ, ಮೋಡವೂ ಇರುವುದಿಲ್ಲ, ಇದ್ದಬದ್ದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ, ತಣ್ಣನೆಯ ಭಾರದ ಗಾಳಿ ಜಾರಿ ಕಣಿವೆಯ ತಳದಲ್ಲಿ ಕೊಳದ ನೀರಿನಂತೆ ಶೇಖರವಾಗುತ್ತದೆ. ಒಯ್ಮ್ಯಾಕೊನ್ ಅಂಥ ತಗ್ಗಿನಲ್ಲಿರುವ ಊರು. ಆಗ ಗುಡ್ಡ ಹತ್ತಿದರೆ ಚಳಿ ಕಡಿಮೆ! ಸೈಬೀರಿಯಾದ ಇನ್ನೊಂದು ಊರು ವರ್ಖೊಯಾನ್ಸ್ಕ್‌ನಲ್ಲಿ 1892ರಲ್ಲಿ ಮೈನಸ್ 67.8 ಡಿಗ್ರಿ ದಾಖಲಾಗಿತ್ತು. ಅದೇ ಊರಿನಲ್ಲಿ 2020ರ ಜೂನ್ 20ರಂದು 38 ಡಿಗ್ರಿ ಬಿಸಿಲು. ಒಂದೇ ಊರಿಗೆ ನೂರಕ್ಕೂ ಹೆಚ್ಚು ಡಿಗ್ರಿಗಳ ಅಂತರ, ಇನ್ನು ದೇಶದ ಸರಾಸರಿ ಕೇಳಿ ಏನು ಮಾಡುವುದು?

ಹಾಗಾದರೆ ಸಮುದ್ರದ ಪಕ್ಕ ಇದ್ದರೆ ಬೆಚ್ಚಗೆ ತಾನೆ, ಎಂದು ನೀವು ಇನ್ನೊಂದು ಕಾಗದ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಸೋಚಿ ಮತ್ತು ವ್ಲಾಡಿವೊಸ್ಟಾಕ್ ಎರಡೂ 43 ಡಿಗ್ರಿಯ ಆಚೀಚೆ, ಎರಡೂ ಕಡಲ ತಡಿಯಲ್ಲೇ ಇವೆ. ಸೋಚಿಗೆ ಒಂದು ಕಡೆ ಕಪ್ಪು ಸಮುದ್ರ, ಬೆನ್ನ ಹಿಂದೆ ಉತ್ತರದ ಗಾಳಿ ತಡೆಯುವ ಕಾಕಸಸ್ ಬೆಟ್ಟಸಾಲು. ಊರಲ್ಲಿ ತಾಳೆ ಜಾತಿಯ ಮರಗಳಿವೆ, ಜನವರಿಯಲ್ಲೂ ಸರಾಸರಿ ಸೊನ್ನೆಗಿಂತ ಮೇಲೆ. (2014ರ ಚಳಿಗಾಲದ ಒಲಿಂಪಿಕ್ಸ್ ಇಲ್ಲೇ ನಡೆದದ್ದು, ಸ್ಕೀಯಿಂಗ್‌ಗೆ ಮಾತ್ರ ಬೆಟ್ಟ ಹತ್ತಬೇಕಾಯಿತು.) ವ್ಲಾಡಿವೊಸ್ಟಾಕ್‌ನಲ್ಲಿ ಜನವರಿ ಎಂದರೆ ಮೈನಸ್ 12ರ ಸುತ್ತಮುತ್ತ. ಸಮುದ್ರ ಕಣ್ಣೆದುರೇ ಇದೆ, ಆದರೆ ಚಳಿಗಾಲದಲ್ಲಿ ಅಲ್ಲಿ ಗಾಳಿ ಬೀಸುವುದು ನೆಲದಿಂದ ಕಡಲಿನ ಕಡೆಗೆ.